ಫಿಟ್ ಎಂದ ಸರ್ಟಿಫಿಕೇಟು, ಕುಸಿದಿದ್ದ 4000 ಹರ್ಟ್ಜ್: ಒಬ್ಬ ಟರ್ಬೊಪ್ರಾಪ್ ಕ್ಯಾಪ್ಟನ್ ಕಿವಿಯ ಪ್ರಕರಣ

ಈ ಪ್ರಕರಣದ ಪೈಲಟ್‌ಗೆ ವೈದ್ಯಕೀಯ ತಪಾಸಣೆಯಲ್ಲಿ ಒಮ್ಮೆಯೂ ತೊಂದರೆಯಾಗಿಲ್ಲ. ಪ್ರತಿ ಸಲವೂ ಕಿವಿಯ ಪರೀಕ್ಷೆ ನಡೆದಿದೆ, ಪ್ರತಿ ಸಲವೂ ‘ಫಿಟ್’ ಎಂದು ಬರೆದುಕೊಟ್ಟಿದ್ದಾರೆ. ಆ ಬರಹ ಸುಳ್ಳಲ್ಲ. ಅದೇ ಹೊತ್ತಿಗೆ ಎಡಗಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು ಎಂಬುದೂ ಸುಳ್ಳಲ್ಲ. ಎರಡೂ ಒಟ್ಟಿಗೆ ಹೇಗೆ ನಿಜವಾಗಿದ್ದವು, ಸದ್ದು ಎಲ್ಲಿಂದ ಬರುತ್ತಿತ್ತು, ಅದನ್ನು ತಗ್ಗಿಸಲು ಮಾಡಿದ ಮೊದಲ ಪ್ರಯತ್ನ ಯಾಕೆ ಸಾಲಲಿಲ್ಲ ಎಂಬುದು ಇಲ್ಲಿನ ವಿಷಯ. ಗುರುತು ಹತ್ತದಂತೆ ನಿಖರ ವಯಸ್ಸು, ಸೇವಾವಧಿ, ಕಂಪನಿ, ಮಾರ್ಗ ಮುಂತಾದ ವಿವರಗಳನ್ನು ಮರೆಮಾಡಲಾಗಿದೆ.

ಹಿನ್ನೆಲೆ

ನಲವತ್ತರ ನಡುವಿನ ಕ್ಯಾಪ್ಟನ್. ಮೊದಲ ಕೆಲವು ವರ್ಷ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿ ಬಲ ಸೀಟು, ಆಮೇಲೆಲ್ಲ ಎಡ ಸೀಟು. ಓಡಿಸುವುದು ಟರ್ಬೊಪ್ರಾಪ್: ಎರಡು ಎಂಜಿನ್‌ನ, ಆರು ಅಲಗಿನ ಪ್ರೊಪೆಲರ್ ಇರುವ ಪ್ರಾದೇಶಿಕ ವಿಮಾನ. ಕೆಲಸದ ದಿನ ಸಾಮಾನ್ಯವಾಗಿ ನಾಲ್ಕು ಸೆಕ್ಟರ್ (ಒಂದು ಟೇಕಾಫ್‌ನಿಂದ ಇಳಿಯುವವರೆಗಿನ ಹಾರಾಟ ಒಂದು ಸೆಕ್ಟರ್). ಕಾಕ್‌ಪಿಟ್‌ನಲ್ಲಿ ಆರು ಗಂಟೆ, ಅದರಲ್ಲಿ ಹೆಡ್‌ಸೆಟ್ ಕಿವಿಯ ಮೇಲಿರುವುದು ಐದೂವರೆ ಗಂಟೆ. ಪ್ರತಿ ನಿಲ್ದಾಣದಲ್ಲೂ ವಾಕ್‌ಅರೌಂಡ್‌ಗೆ (ವಿಮಾನದ ಸುತ್ತ ನಡೆದು ಪರಿಶೀಲಿಸುವುದಕ್ಕೆ) ತಾವೇ ಇಳಿಯುವ ಪದ್ಧತಿ ಇಟ್ಟುಕೊಂಡವರು. ಕಂಪನಿ ಕೊಟ್ಟಿದ್ದು ಹಗುರವಾದ ಹೆಡ್‌ಸೆಟ್: ಕಿವಿಯನ್ನು ಪೂರ್ತಿ ಮುಚ್ಚದೆ, ಸ್ಪಂಜಿನ ಮೆತ್ತೆ ಕಿವಿಯ ಮೇಲೆ ಕೂರುವ ಬಗೆಯದು.

ಇನ್ನೊಂದು ಅಭ್ಯಾಸ ಇತ್ತು. ಈ ವೃತ್ತಿಯಲ್ಲಿ ಅದು ಎಷ್ಟು ಸಾಮಾನ್ಯವೆಂದರೆ ಯಾರೂ ಅದನ್ನು ಅಭ್ಯಾಸ ಎಂದು ಹೆಸರಿಸುವುದಿಲ್ಲ. ಕ್ರೂಸ್ ಎತ್ತರಕ್ಕೆ, ಅಂದರೆ ಏರುವುದು ಮುಗಿದು ಸಮನಾಗಿ ಹಾರುವ ಎತ್ತರಕ್ಕೆ, ಬಂದ ಮೇಲೆ ಹೆಡ್‌ಸೆಟ್‌ನ ಬಲಗಿವಿಯ ಕಪ್ಪನ್ನು (ಕಿವಿಯ ಮೇಲೆ ಕೂರುವ ಬಟ್ಟಲನ್ನು) ಹಿಂದಕ್ಕೆ ಸರಿಸಿಬಿಡುವುದು. ಪಕ್ಕದಲ್ಲಿರುವ ಫಸ್ಟ್ ಆಫೀಸರ್ ಜೊತೆ ಇಂಟರ್‌ಕಾಮ್ ಇಲ್ಲದೆ ನೇರವಾಗಿ ಮಾತಾಡಬಹುದಲ್ಲ. ರೇಡಿಯೊ ಪೂರ್ತಿ ಎಡಗಿವಿಗೆ.

ತೊಂದರೆ ಕಂಡ ಬಗೆ

ಮೊದಲು ಕಂಡದ್ದು ರೇಡಿಯೊದಲ್ಲಲ್ಲ. ಕಂಟ್ರೋಲರ್ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊ ಮಾತನ್ನು ಸುಮಾರು 300ರಿಂದ 3000 ಹರ್ಟ್ಜ್ (ಸೆಕೆಂಡಿಗೆ ಕಂಪನಗಳ ಎಣಿಕೆ; ಹೆಚ್ಚಿದಷ್ಟೂ ಏರುದನಿ) ಆಸುಪಾಸಿನ ಕಿರಿದಾದ ಪಟ್ಟಿಯಲ್ಲೇ ಸಾಗಿಸುತ್ತದೆ. ಶಬ್ದದಿಂದ ಆಗುವ ಹಾನಿ ಶುರುವಾಗುವುದು 3000–6000 ಹರ್ಟ್ಜ್ ನಡುವೆ, ಹೆಚ್ಚಾಗಿ 4000ದಲ್ಲಿ. ಆ ಭಾಗ ರೇಡಿಯೊದಲ್ಲಿ ಬರುವುದೇ ಇಲ್ಲ. ಬಾರದ್ದು ಕೇಳಿಸದಿದ್ದರೆ ಗೊತ್ತಾಗುವುದಾದರೂ ಹೇಗೆ? ಹೀಗಾಗಿ ಆಕಾಶದಲ್ಲಿ ಎಲ್ಲವೂ ಸರಿಯಾಗಿತ್ತು. ತೊಂದರೆ ಎದ್ದದ್ದು ಎಂಜಿನ್ ಓಡುತ್ತಿರುವಾಗ ಬಾಗಿಲ ಬಳಿ ನಿಂತ ಕ್ಯಾಬಿನ್ ಸಿಬ್ಬಂದಿಯ ಮಾತಿನಲ್ಲಿ, ಮನೆಯಲ್ಲಿ ಟಿವಿಯ ವಾಲ್ಯೂಮಿನಲ್ಲಿ, ಗದ್ದಲದ ಕೋಣೆಯಲ್ಲಿ ಹೆಂಗಸರ ಮತ್ತು ಮಕ್ಕಳ ದನಿಯಲ್ಲಿ. ಸ, ಶ, ಫ ತರಹದ ಉಸಿರಿನ ವ್ಯಂಜನಗಳು ಒಂದರಂತೆ ಇನ್ನೊಂದು ಕೇಳಿಸುತ್ತಿದ್ದವು. ನಾಲ್ಕು ಸೆಕ್ಟರ್ ಮುಗಿದ ರಾತ್ರಿಗಳಲ್ಲಿ ಎಡಗಿವಿಯಲ್ಲಿ ತೆಳ್ಳನೆಯ, ಏರುದನಿಯ ಮೊರೆತ. ರಜೆ ಬಂದರೆ ಎರಡನೇ ದಿನಕ್ಕೆ ಇಳಿಯುತ್ತಿತ್ತು.

ಕಾಕ್‌ಪಿಟ್‌ನಲ್ಲಿ ಅದು ಎದ್ದು ಕಂಡದ್ದು ಒಂದೇ ಸಲ. ಹೆಡ್‌ಸೆಟ್ ಎರಡೂ ಕಿವಿಯಿಂದ ಕೆಳಗಿದ್ದಾಗ ಸ್ಪೀಕರಿನಲ್ಲಿ ಕಂಟ್ರೋಲರ್ ಕರೆದರು. ಕ್ಯಾಪ್ಟನ್ ಉತ್ತರಿಸಲಿಲ್ಲ. “ಸರ್, ನಮ್ಮನ್ನೇ ಕರೀತಿರೋದು, ಇದು ಎರಡನೇ ಸಲ,” ಎಂದು ಫಸ್ಟ್ ಆಫೀಸರ್ ಹೇಳಬೇಕಾಯಿತು. ಹಾರಾಟಕ್ಕೆ ಏನೂ ಆಗಲಿಲ್ಲ. ಆದರೆ ಕ್ಯಾಪ್ಟನ್ ಕಿವಿ ತೋರಿಸಲು ಹೋದದ್ದು ಆ ವಾರವೇ.

ಆಡಿಯೋಗ್ರಾಮ್ ಹೇಳಿದ್ದು

ಯಾವ ಆವರ್ತನದ ಸದ್ದು ಎಷ್ಟು ಜೋರಾದರೆ ಕಿವಿಗೆ ಕೇಳಿಸುತ್ತದೆ ಎಂಬ ನಕ್ಷೆಯೇ ಆಡಿಯೋಗ್ರಾಮ್. ಅಂಕಿ ಹೆಚ್ಚಿದಷ್ಟೂ ಕಿವಿ ಮಂದ, ನಕ್ಷೆಯ ಗೆರೆ ಕೆಳಗೆ. ಮೊದಲ ಪರೀಕ್ಷೆ ಕೆಲಸದ ದಿನದ ಸಂಜೆಯೇ ನಡೆಯಿತು. ಎಡಗಿವಿಯಲ್ಲಿ 4000 ಹರ್ಟ್ಜ್‌ಗೆ 55 ಡೆಸಿಬೆಲ್. ಆಡಿಯಾಲಜಿಸ್ಟ್ ಆ ಅಂಕಿಯನ್ನು ಅಂತಿಮ ಎಂದು ಒಪ್ಪಲಿಲ್ಲ. ಗದ್ದಲದಿಂದ ನೇರವಾಗಿ ಬಂದ ಕಿವಿ ಕೆಲವು ಗಂಟೆಗಳ ಕಾಲ ತಾತ್ಕಾಲಿಕವಾಗಿ ಮಂದವಾಗಿರುತ್ತದೆ. ಶಾಶ್ವತ ನಷ್ಟ ಎಷ್ಟೆಂದು ತಿಳಿಯಲು ಕನಿಷ್ಠ 14 ಗಂಟೆ ಸದ್ದಿನಿಂದ ದೂರವಿರಬೇಕು. ಎರಡು ದಿನ ರಜೆಯ ನಂತರ ಮತ್ತೆ ಮಾಡಿದಾಗ ಬಂದದ್ದು ಹೀಗೆ.

ಎಡಗಿವಿ: 500 ಮತ್ತು 1000 ಹರ್ಟ್ಜ್‌ನಲ್ಲಿ 10, 2000ದಲ್ಲಿ 15, 3000ದಲ್ಲಿ 25, 4000ದಲ್ಲಿ 45, 6000ದಲ್ಲಿ 40, 8000ದಲ್ಲಿ 25.
ಬಲಗಿವಿ: 500ರಿಂದ 2000ದವರೆಗೆ 10, 3000ದಲ್ಲಿ 15, 4000 ಮತ್ತು 6000ದಲ್ಲಿ 25, 8000ದಲ್ಲಿ 15.

4000ದ ಬಳಿ ಗುಂಡಿ ಬಿದ್ದು 8000ದಲ್ಲಿ ಮತ್ತೆ ಮೇಲೇಳುವ ಈ ಆಕಾರ ಶಬ್ದಹಾನಿಯ ಗುರುತು. ವಯಸ್ಸಿನ ಕಿವುಡಿನಲ್ಲಿ ಗೆರೆ 8000ದ ಕಡೆಗೆ ಇಳಿಯುತ್ತಲೇ ಹೋಗುತ್ತದೆ, ಮೇಲೇಳುವುದಿಲ್ಲ. ಇನ್ನು ಸಂಜೆಯ 55ಕ್ಕೂ ರಜೆಯ ನಂತರದ 45ಕ್ಕೂ ನಡುವಿನ ಹತ್ತು ಡೆಸಿಬೆಲ್ ವ್ಯತ್ಯಾಸ ಇದೆಯಲ್ಲ, ಅದನ್ನು ‘ತಪ್ಪು ಪರೀಕ್ಷೆ’ ಎಂದು ಎಸೆಯದೆ ಕಡತದಲ್ಲಿ ಇಟ್ಟುಕೊಂಡದ್ದು ಜಾಣತನ. ಒಂದು ದಿನದ ಕೆಲಸ ಕಿವಿಯನ್ನು ಎಷ್ಟು ದಣಿಸುತ್ತದೆ ಎಂಬುದಕ್ಕೆ ಅದೇ ಅಳತೆಗೋಲಾಯಿತು. ಮುಂದೆ ಅದು ಬಹಳ ಕೆಲಸಕ್ಕೆ ಬಂತು.

ಸರ್ಟಿಫಿಕೇಟಿನ ಒಗಟು ಇಲ್ಲೇ ಬಿಡಿಸಿಕೊಂಡಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒದ ಅನುಬಂಧ 1ರ ಪ್ರಕಾರ ಮೊದಲ ದರ್ಜೆಯ ವೈದ್ಯಕೀಯಕ್ಕೆ ಎರಡೂ ಕಿವಿ ಪ್ರತ್ಯೇಕವಾಗಿ 500, 1000, 2000 ಹರ್ಟ್ಜ್‌ನಲ್ಲಿ 35 ಡೆಸಿಬೆಲ್‌ಗಿಂತ ಹೆಚ್ಚು, 3000ದಲ್ಲಿ 50 ಡೆಸಿಬೆಲ್‌ಗಿಂತ ಹೆಚ್ಚು ನಷ್ಟ ಹೊಂದಿರಬಾರದು. 4000, 6000 ಈ ಮಾನದಂಡದಲ್ಲಿ ಇಲ್ಲವೇ ಇಲ್ಲ. ಕಾರಣ ಸರಳ: ಈ ವ್ಯಕ್ತಿ ವಿಮಾನ ಸುರಕ್ಷಿತವಾಗಿ ಓಡಿಸಬಲ್ಲರೇ ಎಂಬುದು ಆ ಪರೀಕ್ಷೆಯ ಪ್ರಶ್ನೆ. ಕೆಲಸ ಇವರ ಕಿವಿಯನ್ನು ತಿನ್ನುತ್ತಿದೆಯೇ ಎಂದು ಅದು ಕೇಳುವುದೇ ಇಲ್ಲ. ಕೇಳಬೇಕಾದ್ದು ಔದ್ಯೋಗಿಕ ಆರೋಗ್ಯ ವಿಭಾಗ. ಅದಕ್ಕೆ ಬೇಕಾದ್ದು ಕೆಲಸಕ್ಕೆ ಸೇರಿದಾಗಿನ ಆಡಿಯೋಗ್ರಾಮ್ ಜೊತೆ ಹೋಲಿಕೆ. ಹುಡುಕಿದಾಗ ಹಳೆಯ ಹಾಳೆ ಸಿಕ್ಕಿತು. ಎಡಗಿವಿ 2000, 3000, 4000ದಲ್ಲಿ ಕ್ರಮವಾಗಿ 10, 10, 15, ಸರಾಸರಿ 11.7. ಈಗಿನ ಸರಾಸರಿ 28.3. ಬದಲಾವಣೆ ಸುಮಾರು 17 ಡೆಸಿಬೆಲ್. ಇದೇ ಮೂರು ಆವರ್ತನಗಳ ಸರಾಸರಿ 10 ಡೆಸಿಬೆಲ್ ಜಾರಿದರೆ ಅಮೆರಿಕದ ಕೆಲಸದ ಸ್ಥಳದ ಸುರಕ್ಷತಾ ಸಂಸ್ಥೆ ಓಶಾದ ನಿಯಮ ಅದನ್ನು ಗಮನಿಸಲೇಬೇಕಾದ ಬದಲಾವಣೆ ಎನ್ನುತ್ತದೆ. ಬಲಗಿವಿಯ ಬದಲಾವಣೆ 8.3, ಅಂದರೆ ಗೆರೆಯ ಈಚೆಗೆ. ಆ ಹಳೆಯ ಹಾಳೆಯೂ ನಂತರದ ತಪಾಸಣೆಗಳ ಹಾಳೆಗಳೂ ಒಂದೇ ಕಡತದಲ್ಲಿ ವರ್ಷಗಳಿಂದ ಇದ್ದವು. ಪಕ್ಕಪಕ್ಕ ಇಟ್ಟು ನೋಡಿದವರಿರಲಿಲ್ಲ.

ಎರಡು ಕಿವಿಗಳ ನಡುವಿನ ಅಂತರವೂ ಇಎನ್‌ಟಿ ತಜ್ಞರನ್ನು ತಡೆದು ನಿಲ್ಲಿಸಿತು: 4000ದಲ್ಲಿ 20, 6000ದಲ್ಲಿ 15. ಪಕ್ಕಪಕ್ಕದ ಎರಡು ಆವರ್ತನಗಳಲ್ಲಿ 15 ಅಥವಾ ಹೆಚ್ಚು ಅಂತರ ಕಂಡರೆ ಅದನ್ನು ಶಬ್ದದ ತಲೆಗೆ ಕಟ್ಟುವ ಮೊದಲು ಶ್ರವಣನರದ ಗೆಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕಾಂಟ್ರಾಸ್ಟ್ ಎಂಆರ್‌ಐ ಸಹಜವಾಗಿತ್ತು. ನಡುಗಿವಿಯ ಒತ್ತಡದ ಪರೀಕ್ಷೆಯೂ ಸರಿಯಾಗಿತ್ತು. ಇಳಿಯುವಾಗಿನ ಒತ್ತಡ ವ್ಯತ್ಯಾಸದ ಪೆಟ್ಟು ಇದಲ್ಲ ಎಂದು ಅದರಿಂದ ಖಚಿತವಾಯಿತು. ಒಳಕಿವಿಯ ಹೊರ ರೋಮಕೋಶಗಳ ಪ್ರತಿಧ್ವನಿಯನ್ನು ಅಳೆಯುವ ಓಎಇ ಪರೀಕ್ಷೆಯಲ್ಲಿ 4000ದ ಸುತ್ತ ಬಲಗಿವಿಯೂ ಕ್ಷೀಣವಾಗಿತ್ತು. ಆಡಿಯೋಗ್ರಾಮ್‌ನಲ್ಲಿ ಪರವಾಗಿಲ್ಲ ಎನಿಸಿದ ಕಿವಿಯೂ ಅದೇ ದಾರಿ ಹಿಡಿದಿತ್ತು ಎಂದರ್ಥ. ಬಲ ಸೀಟಿನಲ್ಲಿದ್ದ ವರ್ಷಗಳಲ್ಲಿ ರೇಡಿಯೊ ಕೇಳಿದ್ದು ಆ ಕಿವಿ; ಅದರ ಪಾಲು ಅಲ್ಲಿಂದ ಬಂದಿರಬಹುದು.

ಈ ಹಂತದಲ್ಲಿ ಒಂದು ನಿರ್ಧಾರ ಬಾಕಿ ಇತ್ತು: ವಿಮಾನಯಾನ ವೈದ್ಯರಿಗೆ ಹೇಳುವುದೋ ಬೇಡವೋ. ಲೈಸೆನ್ಸ್ ಹೋದೀತೆಂಬ ಭಯದಿಂದ ಪೈಲಟ್‌ಗಳು ಕಿವಿಯ ವಿಷಯ ಮುಚ್ಚಿಡುವುದು ಹೊಸದಲ್ಲ. ಇಲ್ಲಿ ಭಯಕ್ಕೆ ಆಧಾರವೇ ಇರಲಿಲ್ಲ. ಅಂಕಿಗಳು ಮಿತಿಯೊಳಗಿದ್ದವು. ಮಿತಿ ಮೀರಿದವರಿಗೂ ಕಾಕ್‌ಪಿಟ್ ಗದ್ದಲವನ್ನು ಹೋಲುವ ಹಿನ್ನೆಲೆಯಲ್ಲಿ ಮಾತು ಕೇಳಿಸುವ ಪರೀಕ್ಷೆ ಅಥವಾ ಹಾರಾಟದಲ್ಲೇ ನಡೆಸುವ ಪ್ರಾಯೋಗಿಕ ಪರೀಕ್ಷೆಯ ದಾರಿಯನ್ನು ಐಸಿಎಒ ನಿಯಮ ತೆರೆದಿಟ್ಟಿದೆ. ಕ್ಯಾಪ್ಟನ್ ಹೇಳಿದರು. ಫಿಟ್ ಎಂಬುದು ಬದಲಾಗಲಿಲ್ಲ. ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಕಡ್ಡಾಯವಿದ್ದ ಆಡಿಯೋಗ್ರಾಮ್ ಇವರಿಗೆ ವರ್ಷಕ್ಕೊಮ್ಮೆ ಎಂದಾಯಿತು, ಅಷ್ಟೆ.

ಭುಜದ ಮೇಲಿನ ಮೀಟರು, ಕಿವಿಯೊಳಗಿನ ಮೈಕು

ಕಂಪನಿಯ ಸುರಕ್ಷತಾ ವಿಭಾಗ ಮೊದಲು ಮಾಡಿದ್ದು ರೂಢಿಯ ಕ್ರಮ: ಭುಜಕ್ಕೆ ಡೋಸಿಮೀಟರ್ (ಬೀಳುವ ಸದ್ದನ್ನು ಇಡೀ ಹೊತ್ತು ಕೂಡಿಸುತ್ತ ಹೋಗುವ ಮೀಟರು) ಸಿಕ್ಕಿಸಿ ಹಾರಾಟಕ್ಕೆ ಕಳಿಸುವುದು. ಆರು ಗಂಟೆಯ ಸರಾಸರಿ 82 ಡಿಬಿಎ ಬಂತು. ಎಂಟು ಗಂಟೆಗೆ ಹೊಂದಿಸಿದರೆ 80.8. ಮಿತಿ 85, ಹಾಗಾಗಿ ತೊಂದರೆ ಇಲ್ಲ ಎಂದು ವರದಿ ಮುಗಿಯಿತು.

ಆ ವರದಿಯಲ್ಲಿ ಮೂರು ತೂತುಗಳಿದ್ದವು. ಭುಜದ ಮೈಕಿಗೆ ಹೆಡ್‌ಸೆಟ್ ಒಳಗಿನ ಸದ್ದು ಕೇಳಿಸುವುದಿಲ್ಲ. ಮೀಟರನ್ನು ಸೀಟಿನಲ್ಲಿ ಕೂತ ಮೇಲೆ ಚಾಲೂ ಮಾಡಿ ಏಳುವ ಮೊದಲು ನಿಲ್ಲಿಸಿದ್ದರಿಂದ ವಿಮಾನದ ಕೆಳಗೆ ಓಡಾಡಿದ ಹೊತ್ತು ಲೆಕ್ಕಕ್ಕೇ ಬಂದಿರಲಿಲ್ಲ. ಮೂರನೆಯದು ಸೂಕ್ಷ್ಮ. ಆರು ಅಲಗಿನ ಪ್ರೊಪೆಲರ್ ಕ್ರೂಸ್‌ನಲ್ಲಿ ನಿಮಿಷಕ್ಕೆ 984 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 98 ಅಲಗುಗಳು ಕಾಕ್‌ಪಿಟ್ ಪಕ್ಕದಿಂದ ಹಾದುಹೋಗುತ್ತವೆ. ಆ ಗುಡುಗು 98 ಹರ್ಟ್ಜ್‌ನಲ್ಲಿ ಕೂತಿರುತ್ತದೆ. ಕಿವಿಗೆ ಕಡಿಮೆ ಕೇಳಿಸುವ ಕೆಳದನಿಗೆ ಕಡಿಮೆ ಬೆಲೆ ಕೊಡುವ ಎ-ತೂಕದ ಅಳತೆ (ಡಿಬಿಎ ಎಂದರೆ ಇದೇ) 100 ಹರ್ಟ್ಜ್ ಸದ್ದನ್ನು 19 ಡೆಸಿಬೆಲ್ ಕಡಿಮೆ ಮಾಡಿ ಬರೆಯುತ್ತದೆ. ಅದೇ ಕಾಕ್‌ಪಿಟ್‌ನಲ್ಲಿ, ಕೆಳದನಿಯನ್ನು ಹಾಗೆ ತಗ್ಗಿಸದ ಸಿ-ತೂಕದ ಅಳತೆ 99 ತೋರಿಸುತ್ತಿತ್ತು. ಕೆಳದನಿಯ ಸದ್ದು ರೋಮಕೋಶಗಳನ್ನು ನೇರವಾಗಿ ಅಷ್ಟಾಗಿ ಹಾಳುಮಾಡದು ನಿಜ. ಆದರೆ ಅದು ತನಗಿಂತ ಮೇಲಿನ ಆವರ್ತನದ ಮಾತನ್ನು ಮುಚ್ಚಿಹಾಕುತ್ತದೆ, ಪೈಲಟ್ ಗುಂಡಿ ತಿರುಗಿಸಿ ವಾಲ್ಯೂಮ್ ಏರಿಸುತ್ತಾರೆ. ಕಿವಿ ಕೆಡಿಸುವುದು ಆ ಏರಿಸಿದ ವಾಲ್ಯೂಮ್.

ಹೊರಗಿನಿಂದ ಕರೆಸಿದ ತಜ್ಞರು ಅಳೆದದ್ದು ಕಿವಿಯೊಳಗೆ: ತೆಳ್ಳನೆಯ ನಳಿಕೆಯ ಮೈಕನ್ನು ಕಿವಿನಾಳಕ್ಕೆ ಇಳಿಸಿ, ಅದರ ಮೇಲೆ ಹೆಡ್‌ಸೆಟ್ ಹಾಕಿ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 11904ರ ಮೊದಲ ಭಾಗ ಇದೇ ವಿಧಾನದ್ದು. ಇಲ್ಲಿ ಒಂದು ಎಚ್ಚರ ಬೇಕು. ಕಿವಿನಾಳ ತಾನೇ 2500–3000 ಹರ್ಟ್ಜ್ ಸುತ್ತ ಸದ್ದನ್ನು ಹಿಗ್ಗಿಸುತ್ತದೆ. 85ರ ಮಿತಿ ಇರುವುದು ಕಿವಿಯ ಹೊರಗೆ, ಬಯಲಿನಲ್ಲಿ ಅಳೆದ ಸದ್ದಿಗೆ. ಆ ಹಿಗ್ಗನ್ನು ಕಳೆಯದೆ ಹೋಲಿಸಿದರೆ ಇಲ್ಲದ ಗಾಬರಿ ಹುಟ್ಟುತ್ತದೆ. ಕಳೆದ ಮೇಲೆ ಎಡಗಿವಿಯ ಸರಾಸರಿ 89 ಡಿಬಿಎ. ರೇಡಿಯೊ ಮೌನವಾಗಿದ್ದಾಗ ಕಪ್ಪಿನ ಕೆಳಗೆ 80. ಮಾತು ಬಂದಾಗ 95–96. ಮಾತು ಇದ್ದದ್ದು ಐದರಲ್ಲಿ ಒಂದು ಪಾಲು ಸಮಯ ಮಾತ್ರ, ಆದರೂ ಒಟ್ಟು ಶಕ್ತಿಯ ಬಹುಪಾಲು ಅದರದ್ದೇ.

ವಾಕ್‌ಅರೌಂಡ್ ಅಳೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಈ ಬಗೆಯ ವಿಮಾನದಲ್ಲಿ ನಿಲ್ದಾಣದಲ್ಲಿರುವಾಗ ಬಲ ಎಂಜಿನ್‌ನ ಪ್ರೊಪೆಲರಿಗೆ ಬ್ರೇಕ್ ಹಾಕಿ ಎಂಜಿನನ್ನು ಓಡುತ್ತಲೇ ಬಿಟ್ಟು, ವಿದ್ಯುತ್ತು ಮತ್ತು ತಂಪುಗಾಳಿ ಪಡೆಯುವ ಸೌಲಭ್ಯವಿದೆ. ಹೋಟೆಲ್ ಮೋಡ್ ಎನ್ನುತ್ತಾರೆ. ಅಲಗು ನಿಂತಿರುವುದರಿಂದ ಎಂಜಿನ್ ನಿಂತಂತೆ ಭಾಸವಾಗುತ್ತದೆ. ಸುತ್ತ ನಡೆದಾಗ ಸರಾಸರಿ 97 ಡಿಬಿಎ. ಒಂದು ಸುತ್ತಿಗೆ ಐದು ನಿಮಿಷದಂತೆ ದಿನಕ್ಕೆ 20 ನಿಮಿಷ, ಕಿವಿಗೆ ಏನೂ ಇಲ್ಲದೆ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆ ನಯೋಷ್‌ನ ಶಿಫಾರಸಿನಂತೆ 85 ಡಿಬಿಎಯಲ್ಲಿ 8 ಗಂಟೆ ಇದ್ದರೆ ಒಂದು ದಿನಕ್ಕೆ ಕಿವಿಗೆ ಬೀಳಬಹುದಾದ ಸದ್ದಿನ ಪಾಲು (ಡೋಸ್) ನೂರಕ್ಕೆ ನೂರು. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧಕ್ಕಿಳಿಯುತ್ತದೆ: 88ರಲ್ಲಿ 4 ಗಂಟೆ, 91ರಲ್ಲಿ 2, 97ರಲ್ಲಿ ಅರ್ಧ ಗಂಟೆ. ಹಾಗೆ ಲೆಕ್ಕ ಹಾಕಿದರೆ ಎಡಗಿವಿಗೆ ಹೆಡ್‌ಸೆಟ್‌ನಿಂದ 173 ಶೇಕಡ, ವಾಕ್‌ಅರೌಂಡ್‌ನಿಂದ 67, ಒಟ್ಟು 240. ತೆರೆದಿದ್ದ ಬಲಗಿವಿಗೆ ಕಾಕ್‌ಪಿಟ್‌ನಿಂದ 37.5, ವಾಕ್‌ಅರೌಂಡ್‌ನಿಂದ ಅದೇ 67, ಒಟ್ಟು ಸುಮಾರು 104. ಕಾಕ್‌ಪಿಟ್‌ನ ಆರು ಗಂಟೆಗಿಂತ ನೆಲದ ಮೇಲಿನ ಇಪ್ಪತ್ತು ನಿಮಿಷವೇ ಬಲಗಿವಿಗೆ ಭಾರವಾಗಿತ್ತು.

ಇದೇ ದಿನವನ್ನು ಓಶಾದ 90 ಡೆಸಿಬೆಲ್, 5 ಡೆಸಿಬೆಲ್‌ಗೆ ಅರ್ಧ ಎಂಬ ಹಳೆಯ ಲೆಕ್ಕದಲ್ಲಿ ಹಾಕಿದರೆ ಎಡಗಿವಿಯದು ಸುಮಾರು 71 ಶೇಕಡ. ಕಾನೂನಿನ ಮಿತಿಯೊಳಗೆ. ಆದರೆ ಆ ಲೆಕ್ಕದಲ್ಲೂ 50 ದಾಟಿದರೆ ಶ್ರವಣ ಸಂರಕ್ಷಣಾ ಕಾರ್ಯಕ್ರಮ ನಡೆಸಬೇಕೆಂದಿದೆ. ಯಾವ ಸೂತ್ರ ಬಳಸಿದ್ದೇವೆಂದು ಬರೆಯದೆ ‘ಮಿತಿಯೊಳಗಿದೆ’ ಎಂದಷ್ಟೇ ಹೇಳುವ ವರದಿಯನ್ನು ನಂಬುವಂತಿಲ್ಲ.

ಮೊದಲ ಪ್ರಯತ್ನ: ಒಳ್ಳೆಯ ಹೆಡ್‌ಸೆಟ್

ಮೊದಲ ಮದ್ದು ನಿರೀಕ್ಷಿತವೇ. ಕಿವಿಯನ್ನು ಪೂರ್ತಿ ಸುತ್ತುವ, ಸಕ್ರಿಯ ಶಬ್ದತಗ್ಗಿಸುವಿಕೆ ಇರುವ ಎಎನ್‌ಆರ್ ಹೆಡ್‌ಸೆಟ್. 1986ರಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಜಗತ್ತು ಸುತ್ತಿದ ವಾಯೇಜರ್ ವಿಮಾನದ ಇಬ್ಬರು ಪೈಲಟ್‌ಗಳು ಬಳಸಿದ್ದು ಈ ತಂತ್ರದ ಮೂಲಮಾದರಿಯನ್ನೇ. 1989ರಿಂದ ಅದು ಮಾರುಕಟ್ಟೆಯಲ್ಲಿದೆ. ಕಪ್ಪಿನೊಳಗಿನ ಪುಟ್ಟ ಮೈಕು ಒಳಗೆ ಉಳಿದ ಸದ್ದನ್ನು ಕೇಳಿ, ಅದಕ್ಕೆ ವಿರುದ್ಧವಾದ ಅಲೆಯನ್ನು ಸ್ಪೀಕರಿನಿಂದ ಹೊಮ್ಮಿಸುತ್ತದೆ. ಇದು ಬಲವಾಗಿ ಕೆಲಸ ಮಾಡುವುದು ಕೆಳದನಿಯಲ್ಲಿ, ಅಂದರೆ ಪ್ರೊಪೆಲರ್ ಗುಡುಗು ಇರುವಲ್ಲೇ. ಮೇಲ್ದನಿಗೆ ಕಪ್ಪು ಮತ್ತು ಮೆತ್ತೆಯೇ ಗತಿ.

ಮೂರು ತಿಂಗಳ ನಂತರ ಮತ್ತೆ ಅಳೆದರು. ರೇಡಿಯೊ ಮೌನವಿದ್ದಾಗ ಕಪ್ಪಿನ ಕೆಳಗೆ 80ರ ಬದಲು 70. ಭರ್ಜರಿ. ಆದರೆ ಐದೂವರೆ ಗಂಟೆಯ ಸರಾಸರಿ ಇಳಿದದ್ದು 89ರಿಂದ 86ಕ್ಕೆ ಮಾತ್ರ. ಎಡಗಿವಿಯ ಒಟ್ಟು ಪಾಲು 240ರಿಂದ 153ಕ್ಕೆ ಬಂದು ನಿಂತಿತ್ತು; ಬಲಗಿವಿಯದು ಅಲ್ಲಾಡಿರಲಿಲ್ಲ.

ಎಎನ್‌ಆರ್ ಹೊರಗಿನ ಗದ್ದಲವನ್ನು ತಗ್ಗಿಸುತ್ತದೆ, ರೇಡಿಯೊವನ್ನು ತಗ್ಗಿಸುವುದಿಲ್ಲ. ಗದ್ದಲ ಹತ್ತು ಡೆಸಿಬೆಲ್ ಇಳಿದಿದ್ದರೂ ಬೆರಳು ಆಡಿಯೊ ಪ್ಯಾನೆಲ್‌ನ ಗುಂಡಿಗಳನ್ನು ಹಳೆಯ ಜಾಗಕ್ಕೇ ತಿರುಗಿಸುತ್ತಿತ್ತು. ಮಾತು ಇನ್ನೂ 92–93ರಲ್ಲಿ ಬರುತ್ತಿತ್ತು. ಎರಡನೇ ವಿಎಚ್‌ಎಫ್‌ನಲ್ಲಿ ತುರ್ತು ಆವರ್ತನ 121.5 ಮೆಗಾಹರ್ಟ್ಜ್ ಅಷ್ಟೇ ಜೋರಾಗಿ ತೆರೆದಿತ್ತು. ದಾರಿ ತೋರುವ ನೆಲದ ರೇಡಿಯೊ ಕೇಂದ್ರ ವಿಒಆರ್ ತನ್ನ ಗುರುತಿಗೆ ಕಳಿಸುವ 1020 ಹರ್ಟ್ಜ್ ಮೋರ್ಸ್ ಸದ್ದು ಗುರುತು ಖಚಿತವಾದ ಮೇಲೂ ಎಷ್ಟೋ ಹೊತ್ತು ಕುಟ್ಟುತ್ತಿತ್ತು. ಬಲ ಕಪ್ಪು ಹಿಂದೆ ಸರಿದೇ ಇತ್ತು. ಒಂದು ಕಿವಿ ತೆರೆದಿದ್ದರೆ ಅದರಿಂದ ನುಗ್ಗುವ ಗದ್ದಲದ ಮೇಲೆ ಮಾತು ಕೇಳಿಸಬೇಕೆಂದು ಮುಚ್ಚಿದ ಕಿವಿಯ ವಾಲ್ಯೂಮ್ ಏರಿಸುವುದು ಅನಿವಾರ್ಯ.

ಸಣ್ಣಪುಟ್ಟ ದೋಷಗಳೂ ಇದ್ದವು. ದಪ್ಪ ಕಡ್ಡಿಯ ಕನ್ನಡಕ ಮೆತ್ತೆಯನ್ನು ಕಿವಿಯ ಹಿಂದೆ ಎತ್ತಿಹಿಡಿದು ಸಂದು ಮಾಡುತ್ತಿತ್ತು. ಕೆಳದನಿ ನುಗ್ಗುವುದು ಅಂಥ ಸಂದಿನಿಂದಲೇ. ಒಂದು ಹಾರಾಟದಲ್ಲಿ ಬ್ಯಾಟರಿ ಮುಗಿದು ಎಎನ್‌ಆರ್ ಆರಿತು, ಮಾತು ಮಾತ್ರ ಬರುತ್ತಿತ್ತು. ಆಗ ಏರಿಸಿದ ವಾಲ್ಯೂಮ್ ಬ್ಯಾಟರಿ ಬದಲಿಸಿದ ಮೇಲೂ ಇಳಿಯಲಿಲ್ಲ.

ಎರಡನೇ ಪ್ರಯತ್ನ: ಗುಂಡಿ, ಇಂಟರ್‌ಕಾಮ್, ನೆಲ

ತಿರುವು ಬಂದದ್ದು ಇಲ್ಲಿ. ಸಾಧನ ಬದಲಿಸುವುದನ್ನು ಬಿಟ್ಟು ಕಪ್ಪು ಯಾಕೆ ಸರಿಯುತ್ತಿದೆ ಎಂದು ಕೇಳಿದರು. ಉತ್ತರ ಕಂಪನಿಯ ಕಾರ್ಯವಿಧಾನದಲ್ಲೇ ಇತ್ತು: ಕ್ರೂಸ್‌ನಲ್ಲಿ ಇಂಟರ್‌ಕಾಮ್ ಸದಾ ತೆರೆದಿಡಬೇಕಿರಲಿಲ್ಲ. ಮಾತಾಡಬೇಕಾದರೆ ಸ್ವಿಚ್ ಒತ್ತಬೇಕು, ಇಲ್ಲವೇ ಕಪ್ಪು ಸರಿಸಬೇಕು. ಎರಡನೆಯದು ಸುಲಭ. ಎಂಜಿನ್ ಚಾಲೂ ಆದಾಗಿನಿಂದ ನಿಲ್ಲಿಸುವವರೆಗೆ ಇಂಟರ್‌ಕಾಮ್ ತೆರೆದಿರಬೇಕು, ಎರಡೂ ಕಪ್ಪು ಕಿವಿಯ ಮೇಲಿರಬೇಕು ಎಂದು ಬದಲಿಸಿದರು.

ಹಿರಿಯ ಪೈಲಟ್‌ಗಳ ಆಕ್ಷೇಪ ತಕ್ಷಣ ಬಂತು: ಎರಡೂ ಕಿವಿ ಮುಚ್ಚಿದರೆ ಎಚ್ಚರಿಕೆಯ ಸದ್ದು, ಎಂಜಿನ್‌ನ ದನಿಬದಲು ಕೇಳಿಸುವುದೇ? ನ್ಯಾಯವಾದ ಪ್ರಶ್ನೆ; ವಾದದಿಂದ ತೀರುವಂಥದ್ದಲ್ಲ. ನೆಲದ ಮೇಲೆ ಎರಡೂ ಕಪ್ಪು ಹಾಕಿ, ಎಎನ್‌ಆರ್ ಚಾಲೂ ಇಟ್ಟು ಭೂಸಾಮೀಪ್ಯ ಎಚ್ಚರಿಕೆ, ಸ್ಟಾಲ್ ಎಚ್ಚರಿಕೆ, ಅತಿವೇಗದ ಸದ್ದು, ಒಂಟಿ ಮತ್ತು ಸತತ ಚೈಮ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಎಲ್ಲವೂ ಕೇಳಿಸಿದವು. ಕೇಳಿಸದಿದ್ದದ್ದು ಕಾಕ್‌ಪಿಟ್ ಬಾಗಿಲು ತಟ್ಟುವ ಸದ್ದು. ಕ್ಯಾಬಿನ್ ಸಿಬ್ಬಂದಿ ಇನ್ನು ಮುಂದೆ ಇಂಟರ್‌ಫೋನ್‌ನಲ್ಲೇ ಕರೆಯಬೇಕು ಎಂದಾಯಿತು. ಹೊಸ ಹೆಡ್‌ಸೆಟ್ ಮಾದರಿ ತರುವ ಯಾರೇ ಆಗಲಿ ಈ ಪರೀಕ್ಷೆಯನ್ನು ಆಯಾ ವಿಮಾನದಲ್ಲೇ ಮಾಡಬೇಕು.

ವಾಲ್ಯೂಮ್‌ಗೆ ಹೀಗೊಂದು ಕ್ರಮ ರೂಪಿಸಿದರು. ಹೆಡ್‌ಸೆಟ್ ತಂತಿಯ ಮೇಲಿನ ಗಾಲಿಯನ್ನು ಎರಡೂ ಕಡೆ ಒಂದೇ ಜಾಗದಲ್ಲಿಟ್ಟು ಮತ್ತೆ ಮುಟ್ಟಬಾರದು. ಕ್ರೂಸ್‌ಗೆ ಬಂದ ಮೇಲೆ ಪ್ಯಾನೆಲ್‌ನ ಎಲ್ಲ ಗುಂಡಿಗಳನ್ನೂ ಪೂರ್ತಿ ಇಳಿಸಿ, ಮೊದಲು ಇಂಟರ್‌ಕಾಮನ್ನು ಪಕ್ಕದವರ ಸಹಜ ಮಾತು ಪದಪದವಾಗಿ ತಿಳಿಯುವಷ್ಟೇ ಏರಿಸಬೇಕು. ಮೊದಲ ವಿಎಚ್‌ಎಫ್ ಅದಕ್ಕೆ ಸಮ. ಎರಡನೆಯದು ಅದಕ್ಕಿಂತ ಸ್ಪಷ್ಟವಾಗಿ ಕೆಳಗೆ, ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುವಷ್ಟು. ವಿಒಆರ್ ಗುರುತು ಕೇಳಿದೊಡನೆ ಬಂದ್. ಎಲ್ಲಕ್ಕಿಂತ ಮುಖ್ಯವಾದದ್ದು ಏರುವಿಕೆ ಮುಗಿದಾಗ ಇಳಿಸುವುದು. ಟೇಕಾಫ್‌ನಲ್ಲಿ ಪ್ರೊಪೆಲರ್ ಪೂರ್ಣ ವೇಗದಲ್ಲಿರುವುದರಿಂದ ವಾಲ್ಯೂಮ್ ಏರುತ್ತದೆ. ಇಳಿಸು ಎಂದು ಯಾರೂ ನೆನಪಿಸುವುದಿಲ್ಲ. ಅದನ್ನು ಕ್ರೂಸ್ ಚೆಕ್‌ಲಿಸ್ಟ್ ಓದುವ ಹೊತ್ತಿಗೆ ಜೋಡಿಸಿದ ಮೇಲೆ ಮರೆವು ನಿಂತಿತು. ಗುಂಡಿಯ ಜಾಗ ಗುರುತಿಟ್ಟುಕೊಳ್ಳುವುದರಿಂದ ಪ್ರಯೋಜನವಾಗಲಿಲ್ಲ: ಒಂದೇ ಮಾದರಿಯ ಎರಡು ವಿಮಾನಗಳಲ್ಲೂ ಅದೇ ಜಾಗ ಬೇರೆ ಬೇರೆ ಜೋರು ಕೊಡುತ್ತಿತ್ತು. ಪ್ರತಿ ಸಲ ಕೆಳಗಿನಿಂದ ಮೇಲಕ್ಕೆ ಬರುವುದೊಂದೇ ದಾರಿ.

ಇಯರ್‌ಪ್ಲಗ್ ಹಾಕಿ ಮೇಲೆ ಹೆಡ್‌ಸೆಟ್ ಹಾಕುವುದನ್ನೂ ಸ್ವಲ್ಪ ದಿನ ನೋಡಿದರು. ಎರಡರ ತಗ್ಗಿಸುವಿಕೆ ಕೂಡಿಕೊಳ್ಳುವುದಿಲ್ಲ. ಹೆಚ್ಚಿನದ್ದರ ಮೇಲೆ ಸುಮಾರು 5 ಡೆಸಿಬೆಲ್ ಸಿಗುತ್ತದೆ, ಅಷ್ಟೆ. ಪ್ಲಗ್ ಮಾತನ್ನೂ ತಡೆಯುವುದರಿಂದ ವಾಲ್ಯೂಮ್ ಮತ್ತೆ ಏರುತ್ತದೆ. ಗಾಳಿಯಾಡದಂತೆ ಕೂತ ಪ್ಲಗ್ ಇಳಿಯುವಾಗ ಹೊರಗಿವಿಯ ಒತ್ತಡ ಸರಿಯಾಗದಂತೆಯೂ ಮಾಡಬಲ್ಲದು. ಕೈಬಿಟ್ಟರು.

ನೆಲದ ಮೇಲೆ ಮೊದಲ ಆಯ್ಕೆ ಸದ್ದಿನ ಮೂಲವನ್ನೇ ನಿಲ್ಲಿಸುವುದು. ನೆಲದ ವಿದ್ಯುತ್ ಗಾಡಿ ಸಿಗುವಲ್ಲಿ ಹೋಟೆಲ್ ಮೋಡ್ ಬಳಸದಿದ್ದರೆ ಅದೇ ಸುತ್ತಿನ ಸರಾಸರಿ 97ರಿಂದ 89ಕ್ಕೆ ಇಳಿಯಿತು. 67 ಶೇಕಡದ ಪಾಲು ಸುಮಾರು 10ಕ್ಕೆ. ಗಾಡಿ ಸಿಗದ ನಿಲ್ದಾಣಗಳಿಗೆ ಇಯರ್‌ಮಫ್ (ಕಿವಿಗಳನ್ನು ಹೊರಗಿನಿಂದ ಪೂರ್ತಿ ಮುಚ್ಚುವ ಸಾಧನ). ಫೋಮ್ ಪ್ಲಗ್ ಮೊದಲು ಪ್ರಯತ್ನಿಸಿದ್ದರು. ಅದನ್ನು ಹೊಸೆದು, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಹಿಗ್ಗುವವರೆಗೆ ಅರ್ಧ ನಿಮಿಷ ಒತ್ತಿಹಿಡಿಯಬೇಕು. ಐದು ನಿಮಿಷದ ಕೆಲಸಕ್ಕೆ ಅಷ್ಟು ತಾಳ್ಮೆ ಯಾರಿಗೂ ಇರಲಿಲ್ಲ; ಅರೆಬರೆ ಕೂತ ಪ್ಲಗ್ ಹೆಚ್ಚೇನೂ ತಡೆಯುವುದಿಲ್ಲ, ಎಣ್ಣೆ ಮೆತ್ತಿದ ಬೆರಳು ಕಿವಿನಾಳಕ್ಕೆ ಸೋಂಕು ತರಬಹುದು. ಮಫ್ ಅನ್ನು ವಿಮಾನದ ಬಾಗಿಲ ಪಕ್ಕದ ಕೊಕ್ಕೆಗೆ ನೇತುಹಾಕಿದ ಮೇಲೆ ಬಳಕೆ ತಾನಾಗಿ ಬಂತು: ಇಳಿಯುವಾಗ ಕಣ್ಣೆದುರಿಗೇ ಇರುತ್ತದೆ. ಮಫ್ ಹಾಕಿದಾಗ ಹಿಂದಿನಿಂದ ಬರುವ ಗಾಡಿಯ ಸದ್ದೂ ಮಂದವಾಗುತ್ತದೆ, ಆದ್ದರಿಂದ ರೆಕ್ಕೆಯ ಮರೆಯಿಂದ ಹೊರಗೆ ಹೆಜ್ಜೆ ಇಡುವ ಮುನ್ನ ನಿಂತು ಎರಡೂ ಕಡೆ ನೋಡಬೇಕೆಂಬ ಸೂಚನೆಯನ್ನು ಜೊತೆಗೇ ಕೊಟ್ಟರು.

ಫಲಿತಾಂಶ

ಮಾತಿನ ಮಟ್ಟ 85–86ಕ್ಕೆ ಇಳಿದಿತ್ತು; ಐದೂವರೆ ಗಂಟೆಯ ಸರಾಸರಿ 79 ಡಿಬಿಎ. ಮಫ್ ಬಳಸಿದ ದಿನ ಎರಡೂ ಕಿವಿಯ ಒಟ್ಟು ಪಾಲು ಸುಮಾರು 18 ಶೇಕಡ. ಹೆಡ್‌ಸೆಟ್ ಮೊದಲ ಪ್ರಯತ್ನದ್ದೇ. 153ರಿಂದ 18ಕ್ಕೆ ಇಳಿಸಿದ್ದು ಗುಂಡಿ, ಇಂಟರ್‌ಕಾಮ್ ಮತ್ತು ಬಾಗಿಲ ಪಕ್ಕದ ಕೊಕ್ಕೆ.

ವರ್ಷದ ಕೊನೆಯ ಆಡಿಯೋಗ್ರಾಮ್‌ನಲ್ಲಿ ಎಡಗಿವಿಯ 4000ದಲ್ಲಿ ಅದೇ 45. ಇದನ್ನು ಗೆಲುವು ಎಂದು ಕರೆಯುವಾಗ ಎಚ್ಚರ ಬೇಕು. ಪರೀಕ್ಷೆಯಿಂದ ಪರೀಕ್ಷೆಗೆ 5 ಡೆಸಿಬೆಲ್ ಆಚೀಚೆ ಆಗುವುದು ಸಹಜ, ಶಬ್ದಹಾನಿ ನಿಧಾನವಾದದ್ದು. ಒಂದು ವರ್ಷದ ಸಮಗೆರೆ ಏನನ್ನೂ ಸಾಬೀತುಮಾಡದು. ಹೆಚ್ಚು ನಂಬಬಹುದಾದ ಸಾಕ್ಷಿ ಕೆಲಸದ ದಿನದ ಸಂಜೆಯ ಪರೀಕ್ಷೆ. ಮೊದಲು 10 ಡೆಸಿಬೆಲ್ ಇದ್ದ ತಾತ್ಕಾಲಿಕ ಕುಸಿತ ಈಗ 5ರೊಳಗೆ. ಕಿವಿ ದಿನವೂ ದಣಿಯುತ್ತಿಲ್ಲ ಎಂಬುದು ವರ್ಷಗಟ್ಟಲೆ ಕಾಯದೆ, ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಸಣ್ಣ ಕಂಪನಿಗಳೂ ಮಾಡಬಹುದಾದ ಪರೀಕ್ಷೆ ಇದು: ರಜೆಯ ನಂತರ ಬೆಳಗ್ಗೆ ಒಂದು, ನಾಲ್ಕು ಸೆಕ್ಟರ್ ಮುಗಿಸಿದ ಸಂಜೆ ಒಂದು.

ಹೋದದ್ದು ಮರಳಿಲ್ಲ. ಒಳಕಿವಿಯ ರೋಮಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊರೆತ ಇದೆ, ಹಾರಾಟದ ರಾತ್ರಿಗಳಲ್ಲಿ ಅದು ಏರುವುದು ನಿಂತಿದೆ. ಮಲಗುವಾಗ ಫ್ಯಾನ್ ಸದ್ದಿನಂಥ ಮೆಲುವಾದ ಹಿನ್ನೆಲೆ ಇದ್ದರೆ ಮೌನಕ್ಕಿಂತ ನೆಮ್ಮದಿ ಎಂದು ಕ್ಯಾಪ್ಟನ್ ಕಂಡುಕೊಂಡಿದ್ದಾರೆ. ಒಳಕಿವಿಗೆ ಹಾನಿ ಮಾಡಬಲ್ಲ ಔಷಧಗಳ ಪಟ್ಟಿ ಅವರ ವೈದ್ಯಕೀಯ ಕಡತಕ್ಕೆ ಸೇರಿದೆ: ಅಮಿನೊಗ್ಲೈಕೊಸೈಡ್ ಗುಂಪಿನ ಆ್ಯಂಟಿಬಯೋಟಿಕ್‌ಗಳು, ಹೆಚ್ಚಿನ ಪ್ರಮಾಣದ ಆಸ್ಪಿರಿನ್ ಮುಂತಾದವು. ಈಗಾಗಲೇ ಪೆಟ್ಟು ತಿಂದ ಕಿವಿಗೆ ಅವನ್ನು ಬರೆಯುವ ಮೊದಲು ವೈದ್ಯರಿಗೆ ಗೊತ್ತಿರಬೇಕು.

ಕಂಪನಿಯಲ್ಲಿ ಬದಲಾದದ್ದು ಎರಡು. ಕೆಲಸಕ್ಕೆ ಸೇರಿದಾಗಿನ ಆಡಿಯೋಗ್ರಾಮ್ ಈಗ ಪ್ರತಿ ತಪಾಸಣೆಯ ಹಾಳೆಯ ಪಕ್ಕದ ಅಂಕಣದಲ್ಲಿ ಅಚ್ಚಾಗುತ್ತದೆ, 4000 ಮತ್ತು 6000 ಸೇರಿಸಿ, ಕಿವಿ ಕಿವಿಗೂ ಬೇರೆಯಾಗಿ. ಎಡ ಸೀಟಿನ ಪೈಲಟ್‌ಗಳಲ್ಲಿ ಎಡಗಿವಿ, ಬಲ ಸೀಟಿನವರಲ್ಲಿ ಬಲಗಿವಿ ಮೊದಲು ಜಾರುತ್ತಿದೆಯೇ ಎಂದು ನೋಡಲು ಸೀಟು ಬದಲಾದ ದಿನಾಂಕವನ್ನೂ ಅದೇ ಹಾಳೆಯಲ್ಲಿ ಬರೆಯುತ್ತಾರೆ. ಮೆತ್ತೆಗಳನ್ನು ಗಟ್ಟಿಯಾಗುವ ಮೊದಲೇ ಬದಲಿಸಲು ಹೆಡ್‌ಸೆಟ್‌ಗಳಿಗೆ ದಿನಾಂಕದ ಚೀಟಿ ಅಂಟಿಸಿದ್ದಾರೆ. ಇನ್ನೂ ತೀರದಿರುವುದು ಕೆಲಸದ ನಿಮಿತ್ತ ಪ್ರಯಾಣಿಕರಾಗಿ ಹೋಗುವ ಸಿಬ್ಬಂದಿಯ ಪ್ರಶ್ನೆ. ಅವರಿಗೆ ಸಿಗುವುದು ಹೆಚ್ಚಾಗಿ ಪ್ರೊಪೆಲರಿನ ಸಾಲಿಗೆ ನೇರ ಇರುವ ಸೀಟುಗಳು, ಕ್ಯಾಬಿನ್‌ನಲ್ಲೇ ಅತಿ ಗದ್ದಲದ ಜಾಗ. ಆ ಗಂಟೆಗಳು ಇವತ್ತಿಗೂ ಯಾವ ಡೋಸಿನ ಲೆಕ್ಕದಲ್ಲೂ ಇಲ್ಲ.